ಎರಡನೇ ಹೆಸರು ಬಿಟ್ಟಿ

ಗಂಡ ಸತ್ತು ಇಪ್ಪತ್ತಾರು ದಿನಕ್ಕೆ ಪೇಪರಿನಲ್ಲಿ ಆ ಕೂಪನ್ ಬಂತು. ಸಮಾಧಿ ಕಲ್ಲಿನ ಕೂಪನ್. ಒಂದು ಹೆಸರು ಕೆತ್ತಿಸಿದರೆ ಎರಡನೇ ಹೆಸರು ಬಿಟ್ಟಿ. ತಿಂಗಳ ಕೊನೆಯವರೆಗೆ ಮಾತ್ರ.

ಅವಳು ಎರಡು ಸಲ ಓದಿದಳು. ಕೆಳಗಿನ ಸಣ್ಣ ಅಕ್ಷರಕ್ಕೆ ಬೆರಳಿಟ್ಟು ಮೂರನೇ ಸಲ ಓದಿದಳು. ಆಮೇಲೆ ಕತ್ತರಿ ತಗೊಂಡು ಚುಕ್ಕಿ ಗೆರೆಯ ಮೇಲೇ, ನೂಲಿನಷ್ಟೂ ಆಚೀಚೆ ಆಗದ ಹಾಗೆ ಕತ್ತರಿಸಿದಳು. ಗಂಡ ಹೋದಮೇಲೆ ಅವಳು ಕತ್ತರಿ ಹಿಡಿದದ್ದು ಅವತ್ತೇ ಮೊದಲು.

ನಾದಿನಿ ಎದುರಿಗೆ ಕೂತು ಟೀ ಕುಡಿಯುತ್ತಿದ್ದಳು. ಅಣ್ಣ ಹೋದಾಗಿನಿಂದ ದಿನ ಬಿಟ್ಟು ದಿನ ಬರುತ್ತಿದ್ದಳು.

"ಏನದು ಅತ್ತಿಗೆ?"

"ಕಲ್ಲಿಂದು."

"ಯಾವ ಕಲ್ಲು?"

"ನಿಮ್ಮಣ್ಣಂದು. ಅವರ ಹೆಸರು ಹಾಕಿಸಿದ್ರೆ ನಂದು ಬಿಟ್ಟಿ. ಪಕ್ಕದಲ್ಲೇ. ತಾರೀಕು ಮಾತ್ರ ಖಾಲಿ ಬಿಡ್ತಾರಂತೆ."

ನಾದಿನಿ ಲೋಟ ಕೆಳಗಿಟ್ಟಳು. "ಸತ್ತೋನಿಗೂ ಕೂಪನ್ನಾ?"

"ಸತ್ತೋರಿಗೆ ಕಲ್ಲು ಬೇಡ್ವಾ?"

"ಕಲ್ಲು ಬೇಕು. ಜನ ಏನಂತಾರೆ?"

"ಇಷ್ಟು ದಿನ ಏನಂದ್ರೋ ಅದನ್ನೇ ಅಂತಾರೆ. ಹೊಸದಾಗಿ ಏನನ್ನೋಕೆ ಅವರ ಹತ್ರ ಏನಿದೆ?"

"ಅಣ್ಣನ ಮರ್ಯಾದೆ ನೋಡಿ ಸ್ವಲ್ಪ."

"ನಿಮ್ಮಣ್ಣ ಇದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. 'ನೋಡೇ, ಇಲ್ಲಿಗೂ ನನ್ನ ಜೊತೆ ಟಿಕೆಟ್ ಇಲ್ದೆ ಬಂದ್ಲು' ಅಂತ. ನನ್ನ ಕಂಡ್ರೆ ಊರಿಗೆಲ್ಲ ನಾಚಿಕೆ. ನಿಮ್ಮಣ್ಣನಿಗೆ ಒಂದು ದಿನಾನೂ ಆಗಿಲ್ಲ. ಅದು ನಂಗೆ ಗೊತ್ತು."

ನಾದಿನಿ ಲೋಟದ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಟೀ ಕುಡಿದಳು.

ಕತ್ತರಿ ಹಿಡಿದ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇಸ್ತ್ರಿ ಕೆಲಸದವಳು. ಹದಿನೆಂಟು ವರ್ಷದಿಂದ ಹಾಸಿಗೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಕೆಳಗಿನ ಕೋಣೆ, ಕಿಟಕಿ ಇಲ್ಲ, ಬೆಳಗಿಂದ ಸಂಜೆವರೆಗೆ ಆವಿ. ಮಕ್ಕಳಾಗಲಿಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎರಡು ಕೋಣೆ ಮನೆ, ಮೂರನೇ ಮಹಡಿ.

ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ. ಓದು ಬಂದದ್ದು ಕೂಪನ್ನಿನಿಂದ. ಮದುವೆಯಾದ ಹೊಸದರಲ್ಲಿ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಜನ ಬಿಟ್ಟುಹೋದ ಪೇಪರ್ ಮನೆಗೆ ತರುತ್ತಿದ್ದಳು, ಕಪಾಟಿಗೆ ಹಾಸಲು. ಗುರುವಾರದ ಪೇಪರಿನಲ್ಲಿ ಚುಕ್ಕಿ ಗೆರೆಯ ಚೌಕಗಳಿರುತ್ತಿದ್ದವು. "ಏನ್ರೀ ಇದು?" ಅಂದಳು ಒಂದು ದಿನ. ಗಂಡ ಪಕ್ಕದಲ್ಲಿ ಕೂತು ಅಕ್ಷರದ ಕೆಳಗೆ ಬೆರಳಿಟ್ಟು ಓದಿಸಿದ. ಸ್ಟಾಕ್. ಇರುವವರೆಗೆ. ಮಾತ್ರ. ಅವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ, ಬಸ್ಸಿನ ಬಾಗಿಲಿಗೆ ಸಿಕ್ಕಿ ಹೋಗಿತ್ತು. ಆ ಬೆರಳಿನ ಹಿಂದೆ ಹಿಂದೆ ಹೋಗಿ ಅವಳು ಓದು ಕಲಿತಳು. ಆರು ತಿಂಗಳಲ್ಲಿ ಅವನಿಗಿಂತ ಬೇಗ ಓದುತ್ತಿದ್ದಳು. ಕೂಪನ್ನನ್ನು ಮಾತ್ರ. ಬೇರೆ ಏನನ್ನೂ ಅಲ್ಲ.

ಆಮೇಲೆ ಅದೇ ಅವಳ ಕಸುಬಾಯಿತು. ಗುರುವಾರ ಸಂಜೆ ಊಟದ ಮೇಜು ಒರೆಸಿ ಪೇಪರ್ ಹರಡುವುದು. ಸಾಬೂನಿನದು ಒಂದು ಕಡೆ, ಟೀಪುಡಿಯದು ಒಂದು ಕಡೆ, ಈ ವಾರ ಮುಗಿಯುವುದು ಮೇಲೆ, ಮುಂದಿನ ವಾರದ್ದು ಕೆಳಗೆ. ಹಳೇ ಶೂ ಡಬ್ಬದಲ್ಲಿ ರಟ್ಟಿನ ಗೋಡೆ ಕಟ್ಟಿ ಮನೆ ಮಾಡಿದ್ದಳು. ಕಣ್ಣು ಕಟ್ಟಿ ಬಿಟ್ಟರೂ ಬಲ್ಬಿನ ಕೂಪನ್ ತಡಕಾಡದೆ ತೆಗೆಯುತ್ತಿದ್ದಳು. ಕತ್ತರಿ ಮೊಂಡಾದರೆ ಗಂಡ ಡಿಪೋಗೆ ತಗೊಂಡು ಹೋಗಿ ಸಾಣೆ ಹಿಡಿದು ತರುತ್ತಿದ್ದ. ಎರಡು ತಿಂಗಳಿಗೊಮ್ಮೆ, ಕೇಳದೆ. ಬೇರೆ ಹೆಂಗಸರ ಗಂಡಂದಿರು ಸೀರೆ ತಂದರು, ಸೆಂಟು ತಂದರು. ತನ್ನ ಗಂಡ ಕತ್ತರಿಗೆ ಸಾಣೆ ಹಿಡಿದು ತಂದ ಅಂತ ಅವಳಿಗೆ ಜಂಬ.

ಜನರ ಬಾಯಿಗೆ ಮಾತ್ರ ಸಾಣೆ ಬೇಕಿರಲಿಲ್ಲ. ಬೀದಿ ತಿರುವಿನ ಅಂಗಡಿಯಲ್ಲಿ ಅವಳ ಹೆಸರೇ ಕತ್ತರಿ. ಅವಳು ಗಾಡಿ ತಳ್ಳಿಕೊಂಡು ಬರುವುದು ಕಂಡರೆ ಕೌಂಟರಿನವಳು 'ಮುಚ್ಚಿದೆ' ಅನ್ನುವ ಬೋರ್ಡು ತೆಗೆದು ಮುಂದಿಡುತ್ತಿದ್ದಳು. ಪಕ್ಕದ ಕೌಂಟರಿಗೆ ಹೋದರೆ ಅಲ್ಲಿ ಸಾಲಿನಲ್ಲಿ ಉಸಿರು ಬಿಡುವವರು, ಗಡಿಯಾರ ನೋಡುವವರು. "ಬಿಟ್ಟಿ ಸಿಕ್ಕಿದ್ರೆ ನಂಗೊಂದಿರಲಿ, ನಮ್ಮಪ್ಪಂಗೊಂದಿರಲಿ" ಅಂತ ಒಬ್ಬ ಹಾಡುವ ಹಾಗೆ ಹೇಳಿದ್ದ. ಮೇಲಿನ ಮಹಡಿಯಾಕೆ ಬಂದು "ನಿಮ್ಮನೇಲಿ ಹೇಗೂ ರಾಶಿ ಬಿದ್ದಿರುತ್ತಲ್ಲ, ಒಂದು ಸೋಪು ಕೊಡಿ" ಅಂತ ಒಯ್ಯುವಳು. ಮೆಟ್ಟಿಲ ಮೇಲೆ ಅದೇ ಆಕೆ "ಅವರ ಮನೆ ಸೋಪು ಪೇಪರ್ ವಾಸನೆ ಕಣ್ರೀ" ಅನ್ನುವಳು. ಪೇಪರ್ ವಾಸನೆಯ ಸೋಪನ್ನು ಒಂದು ದಿನವೂ ಹಿಂದೆ ಕೊಡಲಿಲ್ಲ.

ಅವಳು ಏನು ಕದ್ದಿದ್ದಳು? ಅಂಗಡಿಯವನೇ ಅಚ್ಚು ಹಾಕಿಸಿ, ಕತ್ತರಿಸಿ ತನ್ನಿ ಅಂತ ಹಂಚಿದ ಕಾಗದ. ತಂದರೆ ಕಳ್ಳಿಯನ್ನು ನೋಡಿದ ಹಾಗೆ ನೋಡುವರು. ಸೂಟು ಹಾಕಿಕೊಂಡವನು ಅರ್ಧ ಬೆಲೆಗೆ ಕಾರು ತಂದರೆ ಜಾಣ. ಇಸ್ತ್ರಿ ಹಾಕುವವಳು ಅರ್ಧ ಬೆಲೆಗೆ ಸೋಪು ತಂದರೆ ಜಿಪುಣಿ. ಇದನ್ನು ಯೋಚಿಸಿ ಯೋಚಿಸಿ ಅವಳು ಒಂದು ನಿಯಮ ಮಾಡಿಕೊಂಡಿದ್ದಳು. ಕೌಂಟರ್ ಮುಂದೆ ನಿಂತಾಗ ಹಿಂದೆ ತಿರುಗಬಾರದು. ಬೆನ್ನಿಗೆ ಕಣ್ಣಿಲ್ಲ, ಅದೇ ದೇವರು ಮಾಡಿದ ಉಪಕಾರ. ಕೂಪನ್ ಕೊಡು, ಸಾಮಾನು ತಗೋ, ಮುಂದಿನ ಬಾಗಿಲಿಂದ ಹೋಗು. ಯಾರು ನಕ್ಕರು, ಯಾರು ಮೂಗು ಮುರಿದರು, ನೋಡದಿದ್ದರೆ ಇಲ್ಲ. ಮನೆಗೆ ಬಂದರೆ ನಗದ ಒಂದು ಮುಖ ಇದೆಯಲ್ಲ, ಸಾಕು.

ಒಂದೇ ಕಷ್ಟ. ಕೂಪನ್ನಿನ ಕೆಳಗೆ 'ಒಬ್ಬರಿಗೆ ಒಂದೇ' ಅಂತ ಇರುತ್ತಿತ್ತು. ಪೇಪರ್ ಎರಡು ಸಿಕ್ಕಿದರೆ ಕೂಪನ್ ಎರಡು, ಆದರೆ ಅವಳು ಒಬ್ಬಳೇ. ಹಾಗಾಗಿ ಎರಡನೆಯದು ಗಂಡನ ಪಾಲು. ಡಿಪೋ ಪಕ್ಕದಲ್ಲಿ ಅದೇ ಕಂಪನಿಯ ಇನ್ನೊಂದು ಅಂಗಡಿ ಇತ್ತು. ಶನಿವಾರ ಕೆಲಸ ಮುಗಿಸಿ ಬರುವಾಗ ಅವನು ಅಲ್ಲಿ ಕೊಟ್ಟು ಸಾಮಾನು ತರಬೇಕು. ಅವನ ಕೂಪನ್ನಿಗೆ ಅವಳು ಗುರುತು ಮಾಡುತ್ತಿದ್ದಳು, ಬಲಗಡೆ ಕೆಳಗಿನ ಮೂಲೆಯನ್ನು ಒಂದು ಅಕ್ಕಿಕಾಳಿನಷ್ಟು ಕತ್ತರಿಸಿ. ಅವಳದಕ್ಕೆ ನಾಲ್ಕು ಮೂಲೆ, ಅವನದಕ್ಕೆ ಮೂರೂವರೆ.

ಒಂದು ಶನಿವಾರವೂ ಅವನು ತಪ್ಪಿಸಲಿಲ್ಲ. ಸೋಪು ಅಂದರೆ ಸೋಪು, ಟೀಪುಡಿ ಅಂದರೆ ಟೀಪುಡಿ. ಚೀಲ ಮೇಜಿನ ಮೇಲಿಟ್ಟು, ಉಳಿದ ಚಿಲ್ಲರೆಯನ್ನು ಕಿಟಕಿಯ ಮೇಲಿನ ಹಿತ್ತಾಳೆ ಚೊಂಬಿಗೆ ಹಾಕಿ, "ನಿನ್ನ ಗೆಲುವು" ಅನ್ನುತ್ತಿದ್ದ.

"ಬಿಲ್ಲು?"

"ಗ್ರೀಸ್ ಹತ್ತಿತು, ಬಿಸಾಕಿದೆ."

ಒಂದು ವಾರ ಗ್ರೀಸು. ಒಂದು ವಾರ ಮಳೆ. ಒಂದು ವಾರ ಮಿಷನ್ನಿನಲ್ಲಿ ಕಾಗದ ಮುಗಿದಿತ್ತು. ಆಮೇಲೆ ಅವಳು ಕೇಳುವುದು ಬಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ಬಿಲ್ಲಿನ ಎರಡೂ ಮಗ್ಗುಲು ನೋಡದೆ ಬಿಡುತ್ತಿರಲಿಲ್ಲ. ಗಂಡನ ಹತ್ತಿರ ಯಾರಾದರೂ ಬಿಲ್ಲು ಕೇಳುತ್ತಾರಾ?

ಆ ಚೊಂಬಿನ ದುಡ್ಡಿನಲ್ಲೇ ಮನೆಗೆ ಗಾಜಿನ ಬಾಗಿಲಿನ ಬೀರು ಬಂತು. ಬಂದವರಿಗೆಲ್ಲ ತೋರಿಸುತ್ತಿದ್ದಳು. "ಇದು ಕಾಗದದಲ್ಲಿ ತಂದ ಬೀರು. ನಾನರ್ಧ, ಅವರರ್ಧ." ಗಂಡ ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದ.

ಆಮೇಲೆ ಒಂದು ಬೆಳಗ್ಗೆ ಡಿಪೋದಲ್ಲಿ ಬಸ್ಸಿನ ಕೆಳಗಿಂದ ಎದ್ದು ಬಂದವನು, ಎದೆ ಉರಿ ಅಂತ ಕೂತವನು, ಕೂತ ಹಾಗೇ ಹೋದ. ಆಸ್ಪತ್ರೆಯಲ್ಲಿ ಅವನ ಮೇಲೆ ಹೊದಿಸಿದ ಬಟ್ಟೆಯ ಮಡಿಕೆ ನೋಡಿದಳು. ಅವಳೇ ಹಾಕಿದ ಇಸ್ತ್ರಿ.

ಮಂಗಳವಾರ ಅವಳು ಕಲ್ಲಿನ ಕೂಪನ್ ಹಿಡಿದು ಕಲ್ಲುಕುಟಿಗನ ಕಡೆ ಹೋದಳು. ಶೆಡ್ಡಿನ ತುಂಬ ಬಿಳಿ ಧೂಳು. ಕಲ್ಲುಕುಟಿಗನ ರೆಪ್ಪೆಯೂ ಬಿಳಿ. ಅವನು ಕೂಪನ್ ನೋಡಿದ. ನಗಲಿಲ್ಲ. ಅದಕ್ಕೇ ಅವಳಿಗೆ ಅವನು ಹಿಡಿಸಿದ.

"ಹೆಸರು ಹೇಳಿ."

ಹೇಳಿದಳು. ಅವನು ಬೂದು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗಂಡನ ಹೆಸರು ಬರೆದ. ಪಕ್ಕದಲ್ಲಿ ಅವಳದು. ಅವಳ ಹೆಸರನ್ನು ಅಷ್ಟು ದೊಡ್ಡದಾಗಿ ಯಾರೂ ಯಾವತ್ತೂ ಬರೆದಿರಲಿಲ್ಲ. ಗಂಡನ ಹೆಸರಿನ ಕೊನೆಯ ಅಕ್ಷರದ ಬಾಲ ಅವಳ ಹೆಸರಿನ ಮೊದಲ ಅಕ್ಷರಕ್ಕೆ ತಾಗುವ ಹಾಗಿತ್ತು. ನೋಡಿ ಅಳು ಬಂತು, ಆದರೆ ಒಳ್ಳೇ ಅಳು.

"ಸೋಮವಾರ ಉಳಿ ಹಾಕ್ತೀನಿ. ಆಗ ಬಂದು ನಿಂತ್ಕೊಂಡು ನೋಡಿ, ಕೂಪನ್ನೂ ಆಗ್ಲೇ ಕೊಡಿ" ಅಂದ ಕಲ್ಲುಕುಟಿಗ. "ಒಂದ್ಸಲ ಕೆತ್ತಿದ್ರೆ ಅಳಿಸೋಕಾಗಲ್ಲ ನೋಡಿ ತಾಯಿ. ಮೊದ್ಲೇ ಹೇಳ್ಬಿಡ್ತೀನಿ ಎಲ್ಲರಿಗೂ."

"ಅಳಿಸು ಅಂತ ಯಾರು ಬರ್ತಾರೆ?"

"ಬರ್ತಾರೆ. ಮನುಷ್ಯರಲ್ವಾ."

"ನಾವು ಅಂಥವರಲ್ಲ ಬಿಡಿ" ಅಂದು ಬಂದಳು.

ಶುಕ್ರವಾರ ಗಂಡನ ಜೊತೆ ಕೆಲಸ ಮಾಡುತ್ತಿದ್ದವನು ಮನೆಗೆ ಬಂದ. ಎಲ್ಲರೂ ಬೋಲ್ಟು ಅಂತ ಕರೆಯುವ ಕುಳ್ಳ ಮನುಷ್ಯ. ಡಿಪೋದಲ್ಲಿದ್ದ ಗಂಡನ ಕಪಾಟು ಬೇರೆಯವರಿಗೆ ಕೊಡಬೇಕಂತೆ, ಅದರಲ್ಲಿದ್ದದ್ದನ್ನು ತಂದಿದ್ದ. ಒಂದು ಜೊತೆ ನೀಲಿ ಅಂಗಿ. ಊಟದ ಡಬ್ಬಿ. ಒಂದು ಕನ್ನಡಿ. ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ, ಮುಚ್ಚಳದ ಸುತ್ತ ಕಪ್ಪು ಟೇಪು ಸುತ್ತಿದ್ದು.

"ಇದ್ರಲ್ಲಿ ಏನಿದೆ?"

"ಗೊತ್ತಿಲ್ಲ ಅಕ್ಕಾ. ಮುಟ್ಟೋಕೆ ಬಿಡ್ತಿರಲಿಲ್ಲ ಯಾರಿಗೂ. ಚಿನ್ನ ಇರ್ಬೇಕು ಅಂತ ರೇಗಿಸ್ತಿದ್ವಿ."

ಬೋಲ್ಟು ಹೋದಮೇಲೆ ಟೇಪು ಬಿಚ್ಚಿದಳು. ಒಳಗೆ ಕೂಪನ್ನು. ಕಟ್ಟು ಕಟ್ಟು, ರಬ್ಬರ್ ಹಾಕಿ, ಇಸ್ತ್ರಿ ಹಾಕಿದಷ್ಟು ನೀಟಾಗಿ. ಒಂದು ನಿಮಿಷ ಅವಳ ಮುಖ ಅರಳಿತು. ನನಗಾಗಿ ಇವರೂ ಕೂಡಿಡುತ್ತಿದ್ದರಲ್ಲ, ಹೇಳಲೇ ಇಲ್ಲವಲ್ಲ, ಅಂದುಕೊಂಡಳು. ಒಂದು ಕಟ್ಟಿನ ರಬ್ಬರ್ ತೆಗೆದಳು. ಹಳೇ ರಬ್ಬರು, ಪುಟ್ಟಂತ ಹರಿಯಿತು.

ಬಲಗಡೆ ಕೆಳಗಿನ ಮೂಲೆ. ಅಕ್ಕಿಕಾಳಿನಷ್ಟು.

ಇನ್ನೊಂದು ತೆಗೆದಳು. ಅದಕ್ಕೂ. ಇನ್ನೊಂದು ಕಟ್ಟು. ಎಲ್ಲದಕ್ಕೂ ಮೂರೂವರೆ ಮೂಲೆ. ಸೋಪಿನದು. ಟೀಪುಡಿಯದು. ಹಲ್ಲುಜ್ಜುವ ಪೇಸ್ಟಿಂದು. ಬಲ್ಬಿಂದು, ಆ ಬಲ್ಬು ಈಗಲೂ ತಲೆಯ ಮೇಲೆ ಉರಿಯುತ್ತಿತ್ತು. ತಾರೀಕು ಓದಿದಳು. ಅವನೇ ಕಲಿಸಿದ ಓದು. ಅಡಿಯ ಕಟ್ಟಿಗೆ ಹನ್ನೊಂದು ವರ್ಷ.

ಒಂದು ಶನಿವಾರವೂ ಅವನು ಕೊಟ್ಟಿರಲಿಲ್ಲ. ಪೂರ್ತಿ ಬೆಲೆ ಕೊಟ್ಟು ತಂದಿದ್ದ. ಚೊಂಬಿಗೆ ಹಾಕಿದ ಚಿಲ್ಲರೆ ಅವನ ಜೇಬಿನದೇ. ಬೀರು ಎದುರಿಗೇ ಇತ್ತು. ನಾನರ್ಧ, ಅವರರ್ಧ. ಅವಳು ಎದ್ದುಹೋಗಿ ಬೀರುವಿನ ಗಾಜಿನ ಮೇಲೆ ಟವಲು ಹಾಕಿ ಬಂದಳು.

ನಾದಿನಿ ಬಂದಾಗ ಮೇಜಿನ ತುಂಬ ಕೂಪನ್ ಹರಡಿತ್ತು. ನಾದಿನಿ ಅದನ್ನು ನೋಡಿ 'ಏನಿದು' ಅಂತ ಕೇಳಲಿಲ್ಲ. ಅಲ್ಲೇ ಸಿಕ್ಕಿಬಿದ್ದಳು.

"ನಿಂಗೆ ಗೊತ್ತಿತ್ತು."

"ಅತ್ತಿಗೆ..."

"ಎಷ್ಟು ವರ್ಷದಿಂದ?"

"ಅಣ್ಣ ಒಂದ್ಸಲ ಹೇಳಿದ್ದ. ಕೌಂಟರಲ್ಲಿ ಅದನ್ನ ಹಿಡ್ಕೊಂಡು ನಿಲ್ಲೋಕೆ ಆಗಲ್ಲ, ಬೆವರು ಬರುತ್ತೆ ಅಂತ. ನಿಮಗೆ ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ... ನೋಡಿ, ಬಿಸಾಕಿಲ್ಲ ಅವನು. ನಿಮ್ಮ ಕೈಯಾರೆ ಕತ್ತರಿಸಿದ್ದು ಅಂತ ಒಂದೊಂದೂ ಇಟ್ಕೊಂಡಿದ್ದಾನೆ. ಅದು ಪ್ರೀತಿ ಅಲ್ದೆ ಇನ್ನೇನು?"

"ಬಿಸಾಕಿದ್ರೆ ಚೆನ್ನಾಗಿತ್ತು. ನಂಗೆ ಗೊತ್ತಾಗ್ತಿರಲಿಲ್ಲ."

"ಅವನಿಗೆ ನಾಚಿಕೆ ಇದ್ದಿದ್ದು ಅವನ ಬಗ್ಗೆ, ಅತ್ತಿಗೆ. ನಿಮ್ಮ ಬಗ್ಗೆ ಅಲ್ಲ. ಗಂಡಸರ ಸ್ವಭಾವ. ಅಷ್ಟೇ."

ಈ ಮಾತನ್ನು ಅವಳು ಹಿಡಿದುಕೊಂಡಳು. ಮುಳುಗುವವಳಿಗೆ ಹುಲ್ಲುಕಡ್ಡಿ. ಅವನ ನಾಚಿಕೆ ಆಗಿದ್ದರೆ ಪರವಾಗಿಲ್ಲ. ಸುಳ್ಳು ಹೇಳಿದ, ಆಯಿತು. ಸತ್ತವನ ಮೇಲೆ ಎಷ್ಟು ಅಂತ ಸಿಟ್ಟು ಮಾಡುವುದು. ಆದರೆ ಅವನು ನಾಚಿದ್ದು ಕಾಗದಕ್ಕೋ, ಅವಳಿಗೋ? ಅದು ತಿಳಿಯಬೇಕು. ಸೋಮವಾರ ಕಲ್ಲಿಗೆ ಉಳಿ ಬೀಳುವ ಮೊದಲು ತಿಳಿಯಬೇಕು.

ಶನಿವಾರ ಅವಳು ಡಿಪೋ ಪಕ್ಕದ ಅಂಗಡಿಗೆ ಹೋದಳು. ಆ ಅಂಗಡಿಗೆ ಹಿಂದೆ ಒಂದೇ ಸಲ ಹೋಗಿದ್ದಳು, ಎರಡು ವರ್ಷದ ಕೆಳಗೆ. ಅವತ್ತು ಬೀದಿ ತಿರುವಿನ ಅಂಗಡಿಯಲ್ಲಿ ಸೋಪು ಮುಗಿದಿತ್ತು. ತನ್ನ ಕೂಪನ್ ಹಿಡಿದು ಅಷ್ಟು ದೂರ ನಡೆದಿದ್ದಳು. ಮೂರು ಸೋಪಿಗೆ ಒಂದು ಬಿಟ್ಟಿ ಅಂತ ಕೂಪನ್ನಿನಲ್ಲಿತ್ತು, ಕೌಂಟರಿನವಳು ದೊಡ್ಡ ಸೋಪಿಗೆ ಮಾತ್ರ ಅಂದಳು. ಎಲ್ಲಿ ಬರೆದಿದೆ ತೋರಿಸು ಅಂದಳು ಇವಳು. ದೊಡ್ಡ ಜಗಳ. ಹಿಂದೆ ಸಾಲು ಬೆಳೆಯಿತು. ಹಿಂದೆ ಯಾರೋ ಏನೋ ಅಂದರು, ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ತಿರುಗಲಿಲ್ಲ. ನಿಯಮ. ನಾಲ್ಕನೇ ಸೋಪು ಗೆದ್ದು ಮುಂದಿನ ಬಾಗಿಲಿಂದ ಹೋದಳು. ಅವತ್ತು ಸಂಜೆ ಗಂಡ "ಅಷ್ಟು ದೂರ ಇನ್ಮೇಲೆ ನಡೀಬೇಡ, ನಾನಿದ್ದೀನಲ್ಲ" ಅಂದಿದ್ದ. ಕಾಲು ನೋಯುತ್ತೆ ಅಂತ ಹೇಳಿದ ಅಂದುಕೊಂಡಿದ್ದಳು.

ಕೌಂಟರಿನಲ್ಲಿ ಅದೇ ಹೆಂಗಸು. ಕೂದಲಿಗೆ ಈಗ ಬಣ್ಣ ಹಾಕಿದ್ದಳು. ಇವಳು ಒಂದು ಬೆಂಕಿಪೊಟ್ಟಣ ಮಾತ್ರ ತಗೊಂಡು ಸಾಲಿನಲ್ಲಿ ನಿಂತಳು.

"ಓಹೋ, ಸೋಪಿನೋರು!" ಅಂದಳು ಕೌಂಟರಿನವಳು. "ನಿಮ್ಮನ್ನ ಮರೆಯೋದುಂಟಾ! ಇವತ್ತು ಕೂಪನ್ ಇಲ್ವಾ?"

"ಇಲ್ಲ. ಒಂದು ಮಾತು ಕೇಳಬೇಕಿತ್ತು. ಇಲ್ಲಿಗೆ ಶನಿವಾರ ಶನಿವಾರ ಡಿಪೋದವರೊಬ್ಬರು ಬರ್ತಿದ್ರಲ್ಲ. ನೀಲಿ ಅಂಗಿ. ಈ ಹೆಬ್ಬೆರಳಿಗೆ ಉಗುರಿಲ್ಲ."

"ಹೂಂ ಹೂಂ, ಗೊತ್ತು. ಯಾಕೋ ಈಗ ಕಾಣ್ತಿಲ್ಲ."

"ಅವರು ಯಾವತ್ತಾದ್ರೂ ಕೂಪನ್ ಕೊಟ್ಟಿದ್ರಾ?"

"ಕೂಪನ್ನಾ? ಅವರಾ?" ಕೌಂಟರಿನವಳಿಗೆ ನಗು ಬಂತು. ಬೆಂಕಿಪೊಟ್ಟಣ ಕೈಯಲ್ಲೇ ಇಟ್ಟುಕೊಂಡು ಮುಂದೆ ಬಾಗಿದಳು. "ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವವತ್ತು ನನ್ನ ಜೊತೆ ಕುಸ್ತಿ ಹಿಡಿದ್ರಲ್ಲ, ಅವರು ನಿಮ್ಮ ಹಿಂದೇನೇ ಇದ್ರು. ಮೂರನೆಯವರೋ ನಾಲ್ಕನೆಯವರೋ. ಹಿಂದಿನೋರಿಗೆಲ್ಲ ರೇಗಿಹೋಗಿತ್ತು. ಯಾರೋ ಒಬ್ಬರು 'ಈಯಮ್ಮನ ಗಂಡನ ಗತಿ ಏನಪ್ಪಾ' ಅಂದ್ರು. ಅದಕ್ಕೆ ಇವರು..." ಅವಳು ನಗು ತಡೆದುಕೊಂಡಳು. "ಇವರು ಮುಖ ಸಣ್ಣ ಮಾಡ್ಕೊಂಡು, 'ಪಾಪ, ಆತ ಸತ್ತೇ ಹೋಗಿರ್ಬೇಕು' ಅಂದ್ರು. ಅಯ್ಯಪ್ಪಾ, ಎಷ್ಟು ನಕ್ಕಿದ್ವಿ ಅವತ್ತು! ನಾನು ನಿಮ್ಮೆದುರಿಗೆ ನಗೋ ಹಾಗಿಲ್ಲ, ಬಿಡೋ ಹಾಗಿಲ್ಲ."

ಆ ನಗು ಅವಳಿಗೆ ನೆನಪಿತ್ತು. ಮಾತು ಕೇಳಿಸಿರಲಿಲ್ಲ, ನಗು ಕೇಳಿಸಿತ್ತು. ನೆಚ್ಚಿದ ಎಮ್ಮೆ ಕೋಣ ಈದಿತ್ತು. ಎರಡು ವರ್ಷದ ಹಿಂದೆಯೇ ಈದಿತ್ತು, ಅವಳು ಇನ್ನೂ ಹಾಲಿಗೆ ಪಾತ್ರೆ ಹಿಡಿದು ಕೂತಿದ್ದಳು.

ಅವತ್ತು ಸಂಜೆ ಅವನು ಮನೆಗೆ ಬಂದದ್ದು ನೆನಪಾಯಿತು. ಜಗಳದ ಕಥೆಯನ್ನು ಅವಳು ಕೈಬೀಸಿ ಬೀಸಿ ಹೇಳಿದ್ದಳು. "ನಾಲ್ಕನೇದು ಕೊಡೋವರೆಗೂ ಬಿಡ್ಲಿಲ್ಲ ಕಣ್ರೀ!" ಅಂದಿದ್ದಳು. ಅವನು ಕೇಳುತ್ತಾ ಕೇಳುತ್ತಾ ಮೇಜಿನ ಮೇಲಿದ್ದ ಕತ್ತರಿ ತಗೊಂಡು, ಹೆಬ್ಬೆರಳಲ್ಲಿ ಅಲಗು ಸವರಿ ನೋಡಿ, "ಮೊಂಡಾಗಿದೆ, ನಾಳೆ ಸಾಣೆ ಹಿಡಿದು ತರ್ತೀನಿ" ಅಂದಿದ್ದ. ತಂದಿದ್ದ ಕೂಡ.

"ನಿಮಗೆ ಪರಿಚಯನಾ ಅವರು?" ಕೌಂಟರಿನವಳು ಚಿಲ್ಲರೆ ಕೊಡುತ್ತಾ ಕೇಳಿದಳು. "ಹೇಗಿದ್ದಾರೆ?"

"ಇಲ್ಲ" ಅಂದಳು. "ನಂಗೆ ಗೊತ್ತಿರೋರಲ್ಲ."

ಅಷ್ಟು ಹೇಳಿ, ಮುಂದಿನ ಬಾಗಿಲಿಗೆ ಹೋಗುವ ಬದಲು ಹಿಂದೆ ತಿರುಗಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಸಾಲಿನಲ್ಲಿ ಐದು ಜನ. ಒಬ್ಬೊಬ್ಬರ ಮುಖವನ್ನೂ ನೋಡಿದಳು, ಬಟ್ಟೆಯಲ್ಲಿ ಕಲೆ ಹುಡುಕುವ ಹಾಗೆ. ಯಾರೂ ನಗುತ್ತಿರಲಿಲ್ಲ. ನಾಲ್ಕನೆಯವನು ಅವಳ ಕಣ್ಣು ತಪ್ಪಿಸಿ ತನ್ನ ಚಪ್ಪಲಿ ನೋಡಿಕೊಂಡ. ಯಾರ ಮನೆಯವನೋ.

ಭಾನುವಾರ ನಾದಿನಿ ಬಂದು ಬಾಗಿಲು ತಟ್ಟಿದಳು. ಅವಳು ಒಳಗೇ ಇದ್ದಳು, ತೆಗೆಯಲಿಲ್ಲ. ನಾದಿನಿ ಬಾಗಿಲ ಹೊರಗೆ ನಿಂತೇ "ಅತ್ತಿಗೆ, ಸಿಟ್ಟು ಮಾಡ್ಕೋಬೇಡಿ. ಕೂಪನ್ನಲ್ಲೇ ಕಲ್ಲು ಮಾಡಿಸಿ ಬೇಕಾದ್ರೆ. ನಾನೇನೂ ಅನ್ನಲ್ಲ" ಅಂದಳು. ಮೇಲಿನ ಮಹಡಿಯಾಕೆ ಮೆಟ್ಟಿಲಲ್ಲಿ ನಿಂತು ಕೇಳುತ್ತಿದ್ದಳು. ಕೇಳಲಿ.

ಒಂದು ಯೋಚನೆ ಬಂತು ಅವಳಿಗೆ. ಎಲ್ಲರ ಮುಂದೆ ಕೂಪನ್ ಕೊಟ್ಟು ಕೆತ್ತಿಸಬೇಕು. ಡಿಪೋದವರನ್ನೆಲ್ಲ ಕರೆದು ತೋರಿಸಬೇಕು. ನಾಚಿಕೆ ಆಯಿತಾ ನಿನಗೆ, ತಗೋ, ಮಲಗಿದಲ್ಲೇ ನಾಚಿಕೊಂಡಿರು, ಬೆವರು ಬರಲಿ. ಈ ಯೋಚನೆಯಲ್ಲಿ ಒಂದು ಗಂಟೆ ಸುಖವಾಗಿತ್ತು. ಆಮೇಲೆ ಅದೂ ಬೇಡವಾಯಿತು. ಪಕ್ಕದಲ್ಲಿ ಅವಳ ಹೆಸರು ಬರಬೇಕಲ್ಲ ಅದಕ್ಕೆ. ಬದುಕಿದ್ದಾಗ ಸಾಲಿನಲ್ಲಿ ಮುಂದೆ ಅವಳು, ಎರಡು ಮೂರು ಜನರ ಹಿಂದೆ ಅವನು. ಅವನು ತನ್ನ ಜಾಗ ಬಿಟ್ಟು ಮುಂದೆ ಬರಲಿಲ್ಲ. ಈಗ ಕಲ್ಲಿನ ಮೇಲೆ ತಂದು ನಿಲ್ಲಿಸಿದರೆ ಅದು ಸುಳ್ಳು. ಸುಳ್ಳಿಗೆ ಬಿಟ್ಟಿಯಾದರೂ ಯಾಕೆ ಉಳಿ ಹಾಕಿಸಬೇಕು?

ಸೋಮವಾರ ಕೆಲಸಕ್ಕೆ ಅರ್ಧ ದಿನ ರಜ ಹೇಳಿ ಕಲ್ಲುಕುಟಿಗನ ಶೆಡ್ಡಿಗೆ ಹೋದಳು. ಕಲ್ಲು ಮರದ ಹಲಗೆಯ ಮೇಲೆ ಮಲಗಿತ್ತು. ಸೀಮೆಸುಣ್ಣದ ಎರಡು ಹೆಸರು ಹಾಗೇ ಇತ್ತು, ಬಾಲಕ್ಕೆ ತಲೆ ತಾಗಿ. ಅವನು ಉಳಿ ಜೋಡಿಸಿ ಇಟ್ಟಿದ್ದ.

"ಬನ್ನಿ ತಾಯಿ. ಕೂಪನ್ ತಂದ್ರಾ?"

"ಒಂದು ಒದ್ದೆ ಬಟ್ಟೆ ಕೊಡಿ."

ಅವನು ಬಕೆಟ್ಟಿನಲ್ಲಿ ಅದ್ದಿದ ಬಟ್ಟೆ ಹಿಂಡಿ ಕೊಟ್ಟ. ಕಲ್ಲು ಒರೆಸಲಿಕ್ಕೆ ಅಂದುಕೊಂಡ. ಅವಳು ತನ್ನ ಹೆಸರಿನ ಮೇಲೆ ಬಟ್ಟೆ ಇಟ್ಟಳು. ಒಂದು ಎಳೆತ, ಎರಡು ಎಳೆತ. ಇಸ್ತ್ರಿ ಹಾಕುವ ಕೈ, ಮೂಲೆ ಮೂಲೆ ಬಿಡಲಿಲ್ಲ.

"ಅಯ್ಯೋ, ಏನ್ಮಾಡ್ತಿದ್ದೀರಿ?"

"ಒಂದೇ ಹೆಸರು ಸಾಕು."

"ಎರಡಕ್ಕೂ ಅದೇ ಬೆಲೆ ತಾಯಿ! ಕೂಪನ್ ಇದೆಯಲ್ಲ. ಬಿಟ್ಟಿ ಬರೋದನ್ನ ಯಾರಾದ್ರೂ ಬಿಡ್ತಾರಾ?"

"ನಾನು ಬಿಡಲ್ಲ. ಊರಿಗೇ ಗೊತ್ತು. ಇದೊಂದು ಬಿಡ್ತೀನಿ."

"ಮನೇಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಹೂಂ. ಅಂದ್ರು. ತಡವಾಗಿ ಕೇಳಿಸ್ತು."

ಅಳಿಸಿದ ಜಾಗ ಒಣಗುವವರೆಗೆ ಇಬ್ಬರೂ ನೋಡುತ್ತಾ ನಿಂತರು. ಕಪ್ಪಾಗಿದ್ದದ್ದು ಬೂದಾಯಿತು, ಪಕ್ಕದ ಕಲ್ಲಿನ ಬಣ್ಣಕ್ಕೆ ಬಂತು. ಅಲ್ಲಿ ಏನೋ ಇತ್ತು ಅಂತ ಗೊತ್ತಾಗದ ಹಾಗಾಯಿತು.

"ಹೆಸರು ಮಧ್ಯಕ್ಕೆ ತರ್ಲಾ ಹಾಗಾದ್ರೆ? ಒಂದು ಕಡೆ ಖಾಲಿ ಕಾಣುತ್ತೆ."

"ಬೇಡ. ಇದ್ದಲ್ಲೇ ಇರಲಿ. ಖಾಲಿ ಕಾಣಲಿ."

ಅವನು ಉಳಿ ಇಟ್ಟು ಸುತ್ತಿಗೆ ಎತ್ತಿದ. ಮೊದಲ ಚೂರು ಹಾರಿ ಅವಳ ಕಾಲಬಳಿ ಬಿತ್ತು. ಮೊದಲ ಅಕ್ಷರ ಮುಗಿಯುವವರೆಗೆ ನಿಂತಳು. ಪೂರ್ತಿ ಬೆಲೆ ಕೊಟ್ಟಳು. ಗಂಡನಿಗೆ ಅದೇ ತಾನೇ ಬೇಕಾಗಿದ್ದದ್ದು. ಕಲ್ಲುಕುಟಿಗ ಬಿಲ್ಲು ಬರೆದುಕೊಟ್ಟ. ಎರಡೂ ಮಗ್ಗುಲು ನೋಡಿ, ಮಡಿಸಿ, ರವಿಕೆಯಲ್ಲಿಟ್ಟುಕೊಂಡಳು.

ಮನೆಗೆ ಬಂದು ಕಲ್ಲಿನ ಕೂಪನ್ ಮೇಜಿನ ಮೇಲಿಟ್ಟಳು. ಕತ್ತರಿ ತಗೊಂಡಳು. ಬಲಗಡೆ ಕೆಳಗಿನ ಮೂಲೆಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿದಳು. ಕತ್ತರಿ ಇನ್ನೂ ಹರಿತವಾಗಿಯೇ ಇತ್ತು, ಅವನ ಕೊನೆಯ ಸಾಣೆ. ಬಿಸ್ಕತ್ತಿನ ಡಬ್ಬಿ ತೆರೆದು ಅದನ್ನೂ ಎಲ್ಲದರ ಮೇಲಿಟ್ಟು ಮುಚ್ಚಳ ಹಾಕಿ, ಕಪ್ಪು ಟೇಪನ್ನು ಮೊದಲಿದ್ದ ಹಾಗೇ ಸುತ್ತಿದಳು.